ಹಾವುರಾಣಿಗೆ ಎಷ್ಟು ಆಯಸ್ಸು?

ರಾಮನಗರದ ಬಂಡೆ ಸಂದಿ, ಚನ್ನಪಟ್ಟಣದ ತೆಂಗಿನ ತೋಟ, ಕನಕಪುರದ ಹಿಪ್ಪುನೇರಳೆ ತೋಟ, ಮಾಗಡಿ ಕಡೆ ಸಾವನದುರ್ಗದ ತಪ್ಪಲು. ನಾವು ಯಾವ ಊರಿಂದ ಬಂದಿದ್ರೂ ಹಾವುರಾಣಿಯನ್ನ ಒಂದಲ್ಲ ಒಂದು ಸಲ ನೋಡಿರ್ತೀವಿ. ಇಂಗ್ಲಿಷಿನಲ್ಲಿ ಇದೇ ಸ್ಕಿಂಕ್. ಕಂಡ ತಕ್ಷಣ ಯಾರಾದ್ರೂ ಹೇಳೋದು ಒಂದೇ ಮಾತು: "ಅದು ವಿಷ, ಹೊಡಿ!"

ಮೊದಲು ಇದನ್ನ ಸರಿ ಮಾಡ್ಕೊಳ್ಳೋಣ. ಹಾವುರಾಣಿಗೆ ವಿಷ ಇಲ್ಲ. ಪ್ರಪಂಚದಲ್ಲಿ 1,600ಕ್ಕೂ ಹೆಚ್ಚು ಜಾತಿಯ ಸ್ಕಿಂಕ್‌ಗಳಿವೆ, ಅವುಗಳಲ್ಲಿ ಒಂದೂ ವಿಷದ್ದಲ್ಲ. ಹೆಸರಲ್ಲಿ ಹಾವು ಇದ್ರೂ ಇದು ಹಲ್ಲಿ, ಓತಿಕ್ಯಾತಗಳ ಕಡೆಯ ಪ್ರಾಣಿ. ಗುರುತಿಸೋದು ಸುಲಭ: ಹಾವಿಗೆ ಕಣ್ಣಿನ ರೆಪ್ಪೆ ಇರಲ್ಲ, ಹೊರಗೆ ಕಾಣೋ ಕಿವಿಯ ತೂತೂ ಇರಲ್ಲ. ನಮ್ಮ ಹಾವುರಾಣಿಗೆ ಎರಡೂ ಇವೆ, ಜೊತೆಗೆ ನಾಲ್ಕು ಪುಟ್ಟ ಕಾಲು.

ನಮ್ಮ ಕಡೆ ಸಾಮಾನ್ಯವಾಗಿ ಕಾಣೋದು ಯುಟ್ರೋಪಿಸ್ ಕ್ಯಾರಿನೇಟಾ ಅನ್ನೋ ಜಾತಿ. ಕಂಚಿನ ಬಣ್ಣ, ಹೊಳೆಯೋ ಮೈ, ಮೈಗಿಂತ ಉದ್ದದ ಬಾಲ. ಹುರುಪೆಗಳ ಕೆಳಗೆ ಸಣ್ಣ ಸಣ್ಣ ಮೂಳೆ ಫಲಕಗಳಿರೋದ್ರಿಂದ ಮೈ ಒಂಥರಾ ಕವಚ. ಇನ್ನೊಂದು ತೆಳ್ಳಗಿನ ಜಾತಿಯ ಮರಿಗಳಿಗೆ ಕೆಂಪು ಬಾಲ ಇರುತ್ತೆ. ಅದು ಶೋಕಿಗಲ್ಲ. ಶತ್ರುವಿನ ಕಣ್ಣು ತಲೆ ಬಿಟ್ಟು ಬಾಲದ ಮೇಲೆ ಬೀಳಲಿ ಅಂತ.

ಈ ಬಾಲದ ಡಿಸೈನ್ ನಮಗೆ ಇಂಜಿನಿಯರಿಂಗ್ ಪಾಠದ ಹಾಗಿದೆ. ಇದನ್ನ ಫ್ಯೂಸ್ ಅಂದುಕೊಳ್ಳಿ: ಅಪಾಯ ಬಂದಾಗ ತಾನು ಹೋಗಿ ಉಳಿದಿದ್ದನ್ನ ಉಳಿಸುತ್ತೆ. ಬಾಲ ಕಳಚೋದು ಎರಡು ಮೂಳೆಗಳ ನಡುವಿನ ಕೀಲಲ್ಲಲ್ಲ. ಒಂದೊಂದು ಮೂಳೆಯ ಒಳಗೇ ಮುರಿಯೋಕೆ ಅಂತ ಒಂದು ದುರ್ಬಲ ಗೆರೆ ಇದೆ. ಕಳಚಿದ ಕೂಡಲೇ ಸ್ನಾಯುಗಳು ಬಿಗಿದುಕೊಂಡು ರಕ್ತ ನಿಲ್ಲಿಸುತ್ತವೆ. ತುಂಡು ಬಾಲ ಒದ್ದಾಡ್ತಾ ಶತ್ರುವಿನ ಗಮನ ಹಿಡಿದಿಡುತ್ತೆ, ಅಷ್ಟರಲ್ಲಿ ಹಾವುರಾಣಿ ಪರಾರಿ.

ಆದ್ರೆ ಇದು ಬಿಟ್ಟಿ ಅಲ್ಲ. ಬಾಲದಲ್ಲಿ ಕೂಡಿಟ್ಟ ಕೊಬ್ಬೂ ಹೋಗುತ್ತೆ. ಮತ್ತೆ ಬೆಳೆಯೋ ಬಾಲದಲ್ಲಿ ಮೂಳೆ ಬದಲು ಮೃದ್ವಸ್ಥಿಯ ಕಡ್ಡಿ ಇರುತ್ತೆ, ಅದರಲ್ಲಿ ಆ ದುರ್ಬಲ ಗೆರೆ ಇರಲ್ಲ. ಮುಂದಿನ ಸಲ ಇನ್ನೂ ಬುಡದ ಕಡೆಗೇ ಕಳಚಬೇಕು. ಅಂದ್ರೆ ಸ್ಪೇರ್ ಫ್ಯೂಸ್‌ಗೂ ಒಂದು ಲೆಕ್ಕ ಇದೆ.

ಈಗ ಆಯಸ್ಸಿಗೆ ಬರೋಣ. ಸ್ಕಿಂಕ್‌ಗಳಲ್ಲಿ ಇದು ಜಾತಿಯಿಂದ ಜಾತಿಗೆ ತುಂಬಾ ಬೇರೆ. ನಮ್ಮ ತೋಟದಲ್ಲಿರೋ ಹಾಗಿನ ಚಿಕ್ಕ ಜಾತಿಗಳು ಬದುಕೋದು ಕೆಲವೇ ವರ್ಷ. ಸಾಕಿದ ನೀಲಿ ನಾಲಿಗೆಯ ಸ್ಕಿಂಕ್ 15ರಿಂದ 20 ವರ್ಷ ಇರುತ್ತೆ. ಆಸ್ಟ್ರೇಲಿಯಾದ ಸ್ಲೀಪಿ ಲಿಜರ್ಡ್ ಅನ್ನೋ ದೊಡ್ಡ ಸ್ಕಿಂಕ್ ಕಾಡಲ್ಲೇ ಸುಮಾರು 50 ವರ್ಷ ಬದುಕಬಲ್ಲದು. ಮೈಕೆಲ್ ಬುಲ್ ಅನ್ನೋ ವಿಜ್ಞಾನಿ 1982ರಿಂದ ದಶಕಗಟ್ಟಲೆ ಇವುಗಳ ಬೆನ್ನು ಹತ್ತಿದ್ರು. ಕೆಲವು ಜೋಡಿಗಳು 20 ವರ್ಷ ದಾಟಿದ ಮೇಲೂ ಪ್ರತಿ ಸೀಸನ್ನಿಗೆ ಅದೇ ಸಂಗಾತಿ ಜೊತೆ ಸೇರ್ತಿದ್ದವು ಅಂತ ಅವರಿಗೆ ಗೊತ್ತಾಯ್ತು.

ನಮ್ಮ ಹಾವುರಾಣಿಗೆ ಸಿಗೋದೇ ಕೆಲವು ವರ್ಷ. ಅಷ್ಟರಲ್ಲೇ ಬೆಳೆದು, ಮೊಟ್ಟೆ ಇಟ್ಟು, ಹಾವು ಹದ್ದುಗಳಿಂದ ತಪ್ಪಿಸ್ಕೋಬೇಕು. ಆ ಆಯಸ್ಸನ್ನೂ ನಾವು ಪೊರಕೆ ಹಿಡಿದು ಕಡಿಮೆ ಮಾಡ್ತೀವಿ. ಬಾಲದ ಉಪಾಯ ಹದ್ದಿನ ಹತ್ರ ನಡೆಯುತ್ತೆ, ದೊಣ್ಣೆ ಹತ್ರ ನಡೆಯಲ್ಲ.

ನಷ್ಟ ನಮಗೂ ಇದೆ. ಇದರ ಊಟ ಮಿಡತೆ, ಜಿರಲೆ, ಜೀರುಂಡೆ. ಔಷಧಿ ಹೊಡೆದ ಸೊಪ್ಪು ತಿಂದ್ರೆ ರೇಷ್ಮೆಹುಳ ಸಾಯುತ್ತೆ, ಅದಕ್ಕೇ ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆಯೋಕೆ ರೈತರು ಹಿಂದೆ ಮುಂದೆ ನೋಡ್ತಾರೆ. ಅಂಥ ಕಡೆ ಹಾವುರಾಣಿ ಸಂಬಳ ಕೇಳದ ಕೆಲಸಗಾರ.

ಹಾಸ್ಟೆಲ್ ರೂಮಿಗೆ ಬಂದ್ರೆ ಬಾಲ ಹಿಡೀಬೇಡಿ. ಬಾಗಿಲು ತೆಗೆದು, ಒಂದು ರಟ್ಟಿನಿಂದ ಮೆಲ್ಲಗೆ ದಾರಿ ತೋರ್ಸಿ. ಕ್ಯಾಂಪಸ್ಸಿನ ಒಣಗಿದ ಎಲೆಗೆ ಬೆಂಕಿ ಹಚ್ಚೋ ಬದಲು ಒಂದು ಮೂಲೆಯಲ್ಲಿ ಗೊಬ್ಬರ ಆಗೋಕೆ ಬಿಟ್ರೆ, ಅದೇ ಅದಕ್ಕೆ ಮನೆ. ಇಷ್ಟು ನಮ್ಮ ಕೈಲಿ ಆಗುತ್ತೆ ಅಲ್ವಾ?