ನಾಣ್ಯವನ್ನು ಗ್ರೇಡಿಂಗ್‌ಗೆ ಕಳಿಸೋ ಮುಂಚೆ

ಕೆಫೆಯಲ್ಲೋ ಸೂಪರ್‌ಮಾರ್ಕೆಟ್‌ನಲ್ಲೋ ಪಾರ್ಟ್‌ಟೈಮ್ ಕೆಲಸ ಮಾಡುವ ನಮ್ಮವರ ಕೈಯಲ್ಲಿ ಎಷ್ಟೋ ನಾಣ್ಯಗಳು ಓಡಾಡುತ್ತವೆ. ಒಂದೊಂದು ಸಲ ಅದರಲ್ಲಿ ಮುಖಬೆಲೆಗಿಂತ ಎಷ್ಟೋ ಪಟ್ಟು ಬೆಲೆಬಾಳುವ ನಾಣ್ಯವೂ ಇರಬಹುದು. 2000ನೇ ಇಸವಿಯ ಒಂದು ಡಾಲರ್ ನಾಣ್ಯವನ್ನೇ ತಗೊಳ್ಳಿ. ಕೆಲವು ನಾಣ್ಯಗಳಲ್ಲಿ ರಾಣಿಯ ಮುಖದ ಬದಿಗೆ ತಪ್ಪಿ ಹತ್ತು ಸೆಂಟಿನ ಅಚ್ಚು ಬಿದ್ದಿತ್ತು. ಆ ಅಚ್ಚು ಸ್ವಲ್ಪ ಚಿಕ್ಕದು; ಹಾಗಾಗಿ ಅಂಚಿನ ಒಳಗೆ ಇನ್ನೊಂದು ಅಂಚು ಕಾಣುತ್ತೆ. ಇಂಥದ್ದು ಸಿಕ್ಕಿದರೆ ಅದು ಅಸಲಿ ಅಂತ ಹೇಳೋರು ಯಾರು? ಗ್ರೇಡಿಂಗ್ ಸಂಸ್ಥೆಗಳು ಇರೋದೇ ಅದಕ್ಕೆ.

ಹೆಸರಾದವು ಎರಡು, ಎರಡೂ ಅಮೆರಿಕದವು: 1986ರಲ್ಲಿ ಶುರುವಾದ ಪಿಸಿಜಿಎಸ್, 1987ರ ಎನ್‌ಜಿಸಿ. ನಾಣ್ಯ ಅಸಲಿಯೋ ನಕಲಿಯೋ ನೋಡಿ, ಅದರ ಸ್ಥಿತಿಗೆ 1ರಿಂದ 70ರವರೆಗೆ ಒಂದು ಅಂಕ ಕೊಟ್ಟು, ನಂಬರ್ ಇರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಈ ಪೆಟ್ಟಿಗೆಗೆ ಸ್ಲ್ಯಾಬ್ ಅಂತಾರೆ. ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ ಅಂಕ 60ರಿಂದ ಶುರು. ನೆನಪಿಡಿ, ಅಂಕ ಅಂದ್ರೆ ಬೆಲೆ ಅಲ್ಲ. ಸ್ಥಿತಿಯ ಬಗ್ಗೆ ಪಳಗಿದ ಕಣ್ಣುಗಳ ಅಭಿಪ್ರಾಯ, ಅಷ್ಟೇ.

ಸಿಡ್ನಿ, ಮೆಲ್ಬರ್ನ್‌ನಲ್ಲಿರೋರಿಗೆ ಸುಲಭದ ದಾರಿ ಅಂದ್ರೆ ಈ ಸಂಸ್ಥೆಗಳ ಅಧಿಕೃತ ಡೀಲರ್ ಮೂಲಕ ಕಳಿಸೋದು. ಮೊದಲು ಲೆಕ್ಕ ಹಾಕಿ: ಗ್ರೇಡಿಂಗ್ ಶುಲ್ಕ, ಹೋಗಿಬರುವ ಅಂಚೆ ಖರ್ಚು, ವಿಮೆ. ಇಷ್ಟೂ ಕಳೆದು ಏನಾದರೂ ಉಳಿಯುತ್ತಾ? ಚಿಲ್ಲರೆಯಲ್ಲಿ ಸಿಕ್ಕ ಬಣ್ಣದ ಎರಡು ಡಾಲರ್ ನಾಣ್ಯ ನೋಡೋಕೆ ಚೆಂದ, ಆದರೆ ಸವೆದಿದ್ದರೆ ಶುಲ್ಕವೂ ಹುಟ್ಟೋದು ಕಷ್ಟ. ಅದನ್ನು ಇಟ್ಟುಕೊಳ್ಳಿ, ಕಳಿಸಬೇಡಿ.

ಕಳಿಸೋದೇ ಆದರೆ ನಾಣ್ಯವನ್ನು ಅಂಚಲ್ಲಿ ಮಾತ್ರ ಹಿಡಿಯಿರಿ. ಮೆತ್ತನೆಯ ಪಿವಿಸಿ ಕವರ್ ಬೇಡ, ಅದು ಕಾಲಕ್ರಮೇಣ ಹಸಿರು ಜಿಡ್ಡು ಬಿಡುತ್ತೆ. ಮುಖ್ಯವಾಗಿ, ತೊಳೆಯಬೇಡಿ! ಮನೆಯಲ್ಲಿ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ ಹಾಗೆ ನಾಣ್ಯ ಬೆಳಗಿದರೆ ಮೇಲ್ಮೈ ಹಾಳಾಗುತ್ತೆ. ಆಗ ಅಂಕದ ಬದಲು 'ಡೀಟೇಲ್ಸ್' ಅನ್ನೋ ಚೀಟಿ ಬರುತ್ತೆ, ಬೆಲೆ ಇಳಿಯುತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ.

ಇನ್ನು ಊರಿನ ನಾಣ್ಯಗಳ ವಿಷಯ. ನಮ್ಮಲ್ಲಿ ಚಿನ್ನವನ್ನು ಸವರನ್ ಲೆಕ್ಕದಲ್ಲಿ ಹೇಳ್ತಾರಲ್ಲ, ಆ ಮಾತು ಬಂದಿದ್ದು ಬ್ರಿಟಿಷರ ಚಿನ್ನದ ನಾಣ್ಯದಿಂದ. ಅದನ್ನು ಸಿಡ್ನಿಯಲ್ಲಿ 1855ರಿಂದ, ಮೆಲ್ಬರ್ನ್‌ನಲ್ಲಿ 1872ರಿಂದ ಟಂಕಿಸುತ್ತಿದ್ದರು. ಅಜ್ಜಿಯ ಪೆಟ್ಟಿಗೆಯ ಸವರನ್ ಮೇಲೆ ಪುಟ್ಟ 'ಎಸ್' ಅಥವಾ 'ಎಂ' ಅಕ್ಷರ ಇದ್ದರೆ ಅದು ಹುಟ್ಟಿದ್ದು ನಾವೀಗ ಓದುತ್ತಿರೋ ಊರಲ್ಲೇ! ಅತ್ತ ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಪೆನ್ನಿಗಳನ್ನು ಕಲ್ಕತ್ತಾದಲ್ಲಿ ಟಂಕಿಸಿದ್ದರು. ಅವುಗಳ ಮೇಲೆ 'ಐ' ಗುರುತಿದೆ.

ಹಾಗಂತ ಅಜ್ಜಿಯ ಸವರನ್ನನ್ನು ರಜೆ ಮುಗಿಸಿ ಬರುವಾಗ ಬ್ಯಾಗಿಗೆ ಹಾಕಿಕೊಂಡು ಬರಬೇಡಿ. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ. ಹಾಗೆ ಬಂದದ್ದನ್ನು ಭಾರತ ಸರ್ಕಾರ ಕೇಳಿದರೆ ಆಸ್ಟ್ರೇಲಿಯಾದ 1986ರ ಕಾಯ್ದೆಯಡಿ ಇಲ್ಲಿಯೂ ಜಪ್ತಿ ಮಾಡಬಹುದು. ವೀಸಾ ಮೇಲಿರೋ ನಮಗೆ ಇದೆಲ್ಲ ಯಾಕೆ ಬೇಕು? ಅಲ್ಲದೆ ಸರಕ್ಕೆ ಪೋಣಿಸೋಕೆ ಕೊಂಡಿ ಬೆಸೆದ ನಾಣ್ಯಕ್ಕೆ ಸಿಗೋದೂ 'ಡೀಟೇಲ್ಸ್' ಚೀಟಿಯೇ.

ಅಮ್ಮನಿಗೆ ಹೇಳಿ ಫೋನಲ್ಲಿ ಎರಡೂ ಬದಿಯ ಫೋಟೋ ತೆಗೆಸಿಕೊಳ್ಳಿ, ಅಕ್ಷರ ಹುಡುಕಿ. ಆಮೇಲೆ ಸಿಡ್ನಿಯ ಮಕ್ವಾರಿ ಸ್ಟ್ರೀಟ್‌ಗೋ ಮೆಲ್ಬರ್ನ್‌ನ ವಿಲಿಯಂ ಸ್ಟ್ರೀಟ್‌ಗೋ ಹೋಗಿ ಬನ್ನಿ. ಎರಡೂ ಕಡೆ ಹಳೇ ಟಂಕಸಾಲೆಯ ಕಟ್ಟಡ ಇನ್ನೂ ನಿಂತಿದೆ.