ಸ್ಟೇರಿಂಗು ತಿರುಗಿಸಿದರೂ ಕಾರು ನೇರ ಹೋಗುವುದೇಕೆ?



ತೀರ್ಥಹಳ್ಳಿ ಸೀಮೆಯ ನಮಗೆ ಆಗುಂಬೆ ಘಾಟಿ ಹೊಸದಲ್ಲ. ಮಣಿಪಾಲದ ಆಸ್ಪತ್ರೆಗೆ ಹೋಗುವವರೂ, ಉಡುಪಿ ಕೃಷ್ಣನ ದರ್ಶನಕ್ಕೆ ಹೋಗುವವರೂ ಅದರ 14 ಹೇರ್‌ಪಿನ್ ತಿರುವುಗಳನ್ನು ಇಳಿದೇ ಹೋಗಬೇಕು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಅದು. ಅಲ್ಲಿ ಕಾರು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋದರೆ ಒಂದೋ ಎದುರಿನ ವಾಹನ, ಇಲ್ಲವೋ ಕಣಿವೆ. "ಸ್ಟೇರಿಂಗು ಪೂರ್ತಿ ತಿರುಗಿಸಿದ್ದೆ, ಗಾಡಿ ಕೇಳಲೇ ಇಲ್ಲ" ಅಂತ ಡ್ರೈವರುಗಳು ಹೇಳೋದನ್ನ ನೀವೂ ಕೇಳಿರಬಹುದು. ಅದು ಸುಳ್ಳಲ್ಲ. ಇದಕ್ಕೆ ಇಂಜಿನಿಯರುಗಳು ಇಟ್ಟ ಹೆಸರು 'ಅಂಡರ್‌ಸ್ಟಿಯರ್'. ಅದು ಯಾಕೆ ಆಗುತ್ತದೆ, ಕಡಿಮೆ ಮಾಡುವುದು ಹೇಗೆ? ನೋಡೋಣ ಬನ್ನಿ.

ನಾಲ್ಕು ಅಂಗೈ ಜಾಗ

ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಟಯರು ನೆಲ ಮುಟ್ಟುವುದು ಹೆಚ್ಚುಕಮ್ಮಿ ನಮ್ಮ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಬ್ರೇಕು, ಓಟ, ತಿರುವು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದ ಮೇಲೆಯೇ ನಿಂತಿದೆ.

ತಿರುಗಲು ಕೇಂದ್ರಾಭಿಮುಖ ಬಲ ಬೇಕು ಅಂತ ನಾವು ಓದಿದ್ದೇವೆ. ವೇಗದ ವರ್ಗವನ್ನು ರಾಶಿಯಿಂದ ಗುಣಿಸಿ, ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಅದು ಸಿಗುತ್ತದೆ. ಈಗ ಲೆಕ್ಕ ಮಾಡಿ. ಜನ ಕೂತ ಸಣ್ಣ ಕಾರು 800 ಕೆ.ಜಿ. ಇರಲಿ, ತಿರುವಿನ ತ್ರಿಜ್ಯ 20 ಮೀಟರ್ ಇರಲಿ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ಬೇಕಾಗುವ ಬಲ 4000 ನ್ಯೂಟನ್. ಇದು ಕಾರಿನ ತೂಕದ ಸುಮಾರು ಅರ್ಧ. ಅದೇ ತಿರುವಿಗೆ 54 ಕಿ.ಮೀ. ವೇಗದಲ್ಲಿ ನುಗ್ಗಿದರೆ 9000 ನ್ಯೂಟನ್ ಬೇಕು, ಅಂದರೆ ಕಾರಿನ ತೂಕಕ್ಕಿಂತಲೂ ಹೆಚ್ಚು! ಸಾಧಾರಣ ಟಯರು ಒಣ ಡಾಂಬರಿನಲ್ಲಿ ತೂಕದ ಮುಕ್ಕಾಲು ಪಾಲಿನಷ್ಟು ಹಿಡಿತ ಕೊಟ್ಟರೆ ಅದೇ ದೊಡ್ಡದು. ಒದ್ದೆ ರಸ್ತೆಯಲ್ಲಿ ಅರ್ಧಕ್ಕೂ ಇಳಿಯಬಹುದು. ವೇಗ ಒಂದೂವರೆ ಪಟ್ಟು ಆದರೆ ಬಲ ಎರಡೂಕಾಲು ಪಟ್ಟು ಬೇಕಾಗುತ್ತದೆ ಅನ್ನುವುದನ್ನ ಮರೆಯಬೇಡಿ.

ಮೂತಿ ಜಾರುವುದು, ಬಾಲ ಜಾರುವುದು

ಹಿಡಿತ ಮೊದಲು ಮುಂದಿನ ಟಯರುಗಳಲ್ಲಿ ಮುಗಿದುಹೋದರೆ ಕಾರಿನ ಮೂತಿ ತಿರುವಿನ ಹೊರಕ್ಕೆ ಸರಿಯುತ್ತದೆ. ಇದೇ ಅಂಡರ್‌ಸ್ಟಿಯರ್. ಹಿಂದಿನ ಟಯರುಗಳಲ್ಲಿ ಮೊದಲು ಮುಗಿದರೆ ಬಾಲ ಹೊರಕ್ಕೆ ಬೀಸುತ್ತದೆ. ಇದು ಓವರ್‌ಸ್ಟಿಯರ್.

1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಓಡುತ್ತಿವೆ. ಇದರ ಇಂಜಿನು ಮುಂದೆ, ಗಿಯರ್‌ಬಾಕ್ಸು ಮುಂದೆ, ಎಳೆಯುವ ಚಕ್ರಗಳೂ ಮುಂದಿನವೇ. ತೂಕ ಹೊರುವುದು, ಎಳೆಯುವುದು, ತಿರುಗಿಸುವುದು ಮೂರೂ ಕೆಲಸ ಮುಂದಿನ ಟಯರುಗಳ ಪಾಲಿಗೆ! ಒಂದೇ ಎತ್ತಿಗೆ ನೊಗವನ್ನೂ ಹೊರಿಸಿ, ಗಾಣಕ್ಕೂ ಕಟ್ಟಿದ ಹಾಗೆ. ಮೊದಲು ಸುಸ್ತಾಗುವುದು ಅವೇ ತಾನೆ?

ಹಾಗಾದರೆ ಕಂಪನಿಯವರಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಬೇಕಂತಲೇ ಸ್ವಲ್ಪ ಅಂಡರ್‌ಸ್ಟಿಯರ್ ಉಳಿಸುತ್ತಾರೆ. ಮೂತಿ ಜಾರಿದಾಗ ಹೆದರಿದ ಡ್ರೈವರು ಆಕ್ಸಿಲೇಟರಿನಿಂದ ಕಾಲು ತೆಗೆಯುತ್ತಾನೆ. ವೇಗ ಇಳಿಯುತ್ತದೆ, ತೂಕ ಮುಂದಕ್ಕೆ ಬರುತ್ತದೆ, ಮುಂದಿನ ಟಯರು ಮತ್ತೆ ನೆಲ ಹಿಡಿಯುತ್ತದೆ. ಆದರೆ ಬಾಲ ಜಾರಿದಾಗ ಅದೇ ರೀತಿ ಕಾಲು ತೆಗೆದರೆ ಕಾರು ಬುಗುರಿಯಂತೆ ತಿರುಗಬಹುದು. ಅದನ್ನು ಸರಿಪಡಿಸಲು ನುರಿತ ಕೈ ಬೇಕು.

ಸಸ್ಪೆನ್ಷನ್ನಿನ ಗುಟ್ಟು

ತಿರುವಿನಲ್ಲಿ ಬಸ್ಸು ಹೊರಕ್ಕೆ ವಾಲುವುದನ್ನ ಎಲ್ಲರೂ ನೋಡಿದ್ದೇವೆ. ಆಗ ಒಳಗಡೆಯ ಚಕ್ರಗಳ ಭಾರ ಹೊರಗಡೆಯ ಚಕ್ರಗಳ ಮೇಲೆ ಬೀಳುತ್ತದೆ. "ಬೀಳಲಿ ಬಿಡಿ, ಒಂದು ಕಡೆ ಕಡಿಮೆಯಾದ ಹಿಡಿತ ಇನ್ನೊಂದು ಕಡೆ ಹೆಚ್ಚಾಗುತ್ತದಲ್ಲ" ಅಂತೀರಾ? ಗುಟ್ಟು ಇರುವುದೇ ಇಲ್ಲಿ. ಟಯರಿನ ಮೇಲೆ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹಿಡಿತ ಹೆಚ್ಚುವುದಿಲ್ಲ.

ತಿಳಿಯಲಿ ಅಂತ ಒಂದು ಲೆಕ್ಕ ಇಟ್ಟುಕೊಳ್ಳಿ. 200 ಕೆ.ಜಿ. ಭಾರವಿದ್ದಾಗ ಒಂದು ಟಯರು 160 ಕೆ.ಜಿ.ಯಷ್ಟು ಹಿಡಿತ ಕೊಡುತ್ತದೆ ಅನ್ನೋಣ. ಎರಡು ಟಯರಿಗೆ 320 ಆಯಿತು. ಈಗ ಒಂದರ ಮೇಲೆ 300, ಇನ್ನೊಂದರ ಮೇಲೆ 100 ಕೆ.ಜಿ. ಬಿತ್ತು. ಮೊದಲನೆಯದು 225, ಎರಡನೆಯದು 85 ಕೊಟ್ಟರೆ ಒಟ್ಟು 310. ಭಾರ ಅಷ್ಟೇ ಇದೆ, ಹಿಡಿತ ಮಾತ್ರ ಕಡಿಮೆಯಾಯಿತು!

ಒಟ್ಟು ಎಷ್ಟು ಭಾರ ಪಕ್ಕಕ್ಕೆ ಸರಿಯಬೇಕು ಎಂಬುದನ್ನು ಕಾರಿನ ತೂಕ, ಎತ್ತರ, ಅಗಲ, ವೇಗ ಇವು ನಿರ್ಧರಿಸುತ್ತವೆ. ಆದರೆ ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂದು ಹಂಚುವುದು ಸ್ಪ್ರಿಂಗು ಮತ್ತು ಸ್ಟೆಬಿಲೈಸರ್ ರಾಡು. ಯಾವ ಜೋಡಿ ಗಟ್ಟಿಯಾಗಿದೆಯೋ ಅದರ ಪಾಲು ಹೆಚ್ಚು, ಅದರ ಹಿಡಿತ ಕಡಿಮೆ. ಇದಿಷ್ಟು ತಿಳಿದರೆ ಉಳಿದದ್ದೆಲ್ಲ ಸುಲಭ.

ಅಂಡರ್‌ಸ್ಟಿಯರ್ ಕಡಿಮೆ ಮಾಡುವ ದಾರಿಗಳು

1. ಸ್ಟೆಬಿಲೈಸರ್ ರಾಡು: ಎಡಬಲ ಚಕ್ರಗಳನ್ನು ಜೋಡಿಸುವ ಈ ಕಬ್ಬಿಣದ ಸರಳು ಕಾರು ವಾಲದಂತೆ ತಡೆಯುತ್ತದೆ. ಹಿಂದೆ ಇದನ್ನು ದಪ್ಪ ಮಾಡಿದರೆ ಭಾರ ಸರಿಯುವ ಕೆಲಸ ಹಿಂದಕ್ಕೆ ಹೋಗಿ ಮುಂದಿನ ಟಯರಿಗೆ ಬಿಡುವು ಸಿಗುತ್ತದೆ. ಪಂದ್ಯದ ಕಾರು ತಿರುವಿನಲ್ಲಿ ಹಿಂದಿನ ಒಳಚಕ್ರ ಎತ್ತಿಕೊಂಡು ಮೂರು ಕಾಲಿನಲ್ಲಿ ಓಡುವುದನ್ನ ಟಿ.ವಿ.ಯಲ್ಲಿ ನೋಡಿದ್ದರೆ, ಅದರ ಕಾರಣ ಇದೇ. ಮುಂದಿನ ರಾಡನ್ನು ಮೆತ್ತಗೆ ಮಾಡುವುದೂ ಒಂದು ದಾರಿ. ಆದರೆ ಅತಿಯಾದರೆ ಕಾರು ಹೆಚ್ಚು ವಾಲಿ ಮುಂದಿನ ಚಕ್ರವೂ ಹೊರಕ್ಕೆ ವಾಲುತ್ತದೆ, ಬಂದ ಲಾಭ ಹೋಗುತ್ತದೆ.

2. ಕ್ಯಾಂಬರ್: ಮುಂದಿನ ಚಕ್ರಗಳ ತಲೆಯನ್ನು ಒಂದೆರಡು ಡಿಗ್ರಿ ಒಳಕ್ಕೆ ಬಾಗಿಸುವುದು. ತಿರುವಿನಲ್ಲಿ ಕಾರು ವಾಲಿದಾಗ ಹೊರಚಕ್ರ ಆಗ ಸರಿಯಾಗಿ ನೆಟ್ಟಗೆ ನಿಂತು ಪೂರ್ತಿ ಅಂಗೈ ಊರುತ್ತದೆ. ಹೆಚ್ಚಾದರೆ ನೇರ ರಸ್ತೆಯಲ್ಲಿ ಟಯರಿನ ಒಳ ಅಂಚು ಬೇಗ ಸವೆಯುತ್ತದೆ.

3. ಟೋ: ಮುಂದಿನ ಚಕ್ರಗಳ ಮೂತಿ ಕೂದಲೆಳೆಯಷ್ಟು ಹೊರಕ್ಕೆ ನೋಡುತ್ತಿದ್ದರೆ ಕಾರು ತಿರುವಿಗೆ ಚುರುಕಾಗಿ ಹೊರಳುತ್ತದೆ. ಆದರೆ ನೇರ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ.

4. ಶಾಕಪ್ಸ್: ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು ಇದರ ಕೆಲಸ. ಇದು ಸತ್ತಿದ್ದರೆ ಗುಂಡಿ ಬಿದ್ದ ತಿರುವಿನಲ್ಲಿ ಚಕ್ರ ಕುಪ್ಪಳಿಸುತ್ತದೆ. ಗಾಳಿಯಲ್ಲಿರುವ ಟಯರಿಗೆ ಹಿಡಿತ ಎಲ್ಲಿಂದ ಬರಬೇಕು?

5. ಗಾಳಿ: ಇದು ಎಲ್ಲಕ್ಕಿಂತ ಅಗ್ಗದ ರಿಪೇರಿ. ಮುಂದಿನ ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ಅದರ ಪಕ್ಕೆ ಮಡಚಿಕೊಂಡು ಮೂತಿ ಹೊರಗೆ ಜಾರುತ್ತದೆ. ಎಷ್ಟು ಗಾಳಿ ಬೇಕು ಅನ್ನುವುದನ್ನ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತಾರೆ.

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ನಡೆಯುವ ಕಾರ್ ರ್‍ಯಾಲಿಗಳಲ್ಲೂ ಮೆಕ್ಯಾನಿಕ್ಕುಗಳು ಹೆಣಗುವುದು ಇವುಗಳ ಜೊತೆಗೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಬರೆದಿಟ್ಟುಕೊಳ್ಳುವುದು ಸರಿಯಾದ ಪದ್ಧತಿ. ನಮ್ಮ ಪ್ರಯೋಗಶಾಲೆಯ ನಿಯಮವೂ ಅದೇ ಅಲ್ಲವೇ?

ಅಣ್ಣಂದಿರಿಗೆ ಒಂದು ಮಾತು

ಹಳೆ ಕಾರು ಕೊಂಡು "ಲುಕ್ಕು ಬರಲಿ" ಅಂತ ಸ್ಪ್ರಿಂಗು ಕತ್ತರಿಸಿ ಕೆಳಗಿಳಿಸುವವರಿದ್ದಾರೆ. ಎತ್ತರ ಕಡಿಮೆಯಾದರೆ ಭಾರ ಸರಿಯುವುದು ಕಡಿಮೆ ಆಗುತ್ತದೆ, ಅದು ನಿಜ. ಆದರೆ ಸುರುಳಿ ಕಡಿಮೆಯಾದ ಸ್ಪ್ರಿಂಗು ಗಟ್ಟಿಯಾಗುತ್ತದೆ, ಚಕ್ರ ಮೇಲೆ ಕೆಳಗೆ ಆಡುವ ಜಾಗವೂ ಉಳಿಯುವುದಿಲ್ಲ. ತಿರುವಿನಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಸಸ್ಪೆನ್ಷನ್ ಹೋಗಿ ತಡೆ ರಬ್ಬರಿಗೆ ಬಡಿಯುತ್ತದೆ. ಆ ಕ್ಷಣ ಅದು ಕಲ್ಲಿನಷ್ಟು ಗಟ್ಟಿ, ಮೂತಿ ಒಮ್ಮೆಲೇ ಜಾರುತ್ತದೆ. ಗ್ಯಾಸಿನ ಬೆಂಕಿಯಲ್ಲಿ ಕತ್ತರಿಸಿದರೆ ಉಕ್ಕಿನ ಹದವೇ ಕೆಟ್ಟು ಸ್ಪ್ರಿಂಗು ಮುರಿಯಲೂಬಹುದು. ಆ ಕಾರಿನಲ್ಲಿ ಹಿಂದೆ ಕೂತಿರುವವರು ಅವ್ವ, ತಂಗಿ, ಪಕ್ಕದ ಮನೆಯ ಬಸುರಿ ಹೆಂಗಸು.

ಈಗಿನ ಅನೇಕ ಕಾರುಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಎಂಬ ವ್ಯವಸ್ಥೆ ಇದೆ. 1995ರಲ್ಲಿ ಜರ್ಮನಿಯ ಮರ್ಸಿಡಿಸ್ ಕಾರಿನಲ್ಲಿ ಬಂದದ್ದು. ಮೂತಿ ಜಾರಿದರೆ ಹಿಂದಿನ ಒಳಚಕ್ರಕ್ಕೆ ತಾನೇ ಬ್ರೇಕು ಹಾಕಿ ಕಾರನ್ನು ತಿರುಗಿಸುತ್ತದೆ. ಆದರೆ ಅದು ಕೂಡ ಟಯರಿನಲ್ಲಿ ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ಮಾಡಿ ನೋಡಿ

ಮನೆಯವರ ಅನುಮತಿ ಪಡೆದು, ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಕೆಳಗೆ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಶಾಕಪ್ಸ್ ಚೆನ್ನಾಗಿದೆ. ತೊಟ್ಟಿಲಿನ ಹಾಗೆ ತೂಗುತ್ತಲೇ ಇದ್ದರೆ ಘಾಟಿಗೆ ಇಳಿಯುವ ಮೊದಲು ಗ್ಯಾರೇಜಿಗೆ ಹೋಗಲಿ.

ಮನೆಯಲ್ಲಿ ಓದಿ ಹೇಳಿ

ವೇಗವನ್ನು ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ, ನೇರ ರಸ್ತೆಯಲ್ಲಿ ಇಳಿಸಬೇಕು. ಮೂತಿ ಜಾರತೊಡಗಿದರೆ ಸ್ಟೇರಿಂಗನ್ನು ಇನ್ನೂ ತಿರುಗಿಸಬಾರದು. ತಿರುಗಿಸಿದಷ್ಟೂ ಟಯರು ರಸ್ತೆಯನ್ನು ಉಜ್ಜುತ್ತದೆಯೇ ಹೊರತು ಹಿಡಿಯುವುದಿಲ್ಲ. ಆಕ್ಸಿಲೇಟರನ್ನು ಮೆಲ್ಲಗೆ ಬಿಟ್ಟು, ಸ್ಟೇರಿಂಗನ್ನು ತುಸು ಸಡಿಲಿಸಿ, ಟಯರು ಹಿಡಿದ ಮೇಲೆ ಮತ್ತೆ ತಿರುಗಿಸಬೇಕು.

ಸಸ್ಪೆನ್ಷನ್ ಎಷ್ಟು ಹದ ಮಾಡಿದರೂ ಸಿಗುವುದು ಹತ್ತಿಪ್ಪತ್ತು ಹೆಜ್ಜೆಯ ಅವಕಾಶ. ವೇಗ ಇಳಿಸುವ ಬಲಗಾಲು ಕೊಡುವುದು ಅದಕ್ಕಿಂತ ಬಹಳ ಹೆಚ್ಚು, ಅದಕ್ಕೆ ಕಾಸೂ ಬೇಡ.

ಯೋಚಿಸಿ ಉತ್ತರಿಸಿ: ಅದೇ 20 ಮೀಟರ್ ತಿರುವಿನಲ್ಲಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋದರೆ ಎಷ್ಟು ನ್ಯೂಟನ್ ಬಲ ಸಾಕು? ಉತ್ತರವನ್ನು ಚೀಟಿಯಲ್ಲಿ ಬರೆದು ವಿಜ್ಞಾನದ ಮೇಷ್ಟ್ರಿಗೆ ಕೊಡಿ.

— 10ನೇ ತರಗತಿ, ವಿಜ್ಞಾನ ಸಂಘದ ಪರವಾಗಿ