ಹಗಲು ಲೆಕ್ಕ, ಇರುಳು ಆಟ: ಒಂದೇ ಕೀಲಿಮಣೆಯ ಆಯ್ಕೆ

ಅನೇಕ ಸಣ್ಣ ವ್ಯಾಪಾರಸ್ಥರ ಮನೆಗಳಲ್ಲಿ ಗಣಕಯಂತ್ರವು ಎರಡು ಪಾಳಿಗಳಲ್ಲಿ ದುಡಿಯುತ್ತದೆ. ಹಗಲಿನಲ್ಲಿ ಬಿಲ್ಲು, ದಾಸ್ತಾನು, ತೆರಿಗೆಯ ವಿವರಪಟ್ಟಿ. ರಾತ್ರಿ ಮಕ್ಕಳ ಆಟ. ಎರಡಕ್ಕೂ ಒಗ್ಗುವ ಮೆಕ್ಯಾನಿಕಲ್ ಕೀಲಿಮಣೆಯನ್ನು ಕೊಳ್ಳುವವರು ಬಣ್ಣದ ದೀಪಗಳಿಗೆ ಮಾರುಹೋಗದೆ, ಕೀಲಿಯ ಕೆಳಗಿರುವ ಸ್ವಿಚ್ಚನ್ನು ಪರಿಶೀಲಿಸುವುದು ಸೂಕ್ತ.

ಈ ಕೀಲಿಮಣೆಗಳಲ್ಲಿ ಪ್ರತಿಯೊಂದು ಕೀಲಿಗೂ ಸ್ಪ್ರಿಂಗ್ ಸಹಿತವಾದ ಪ್ರತ್ಯೇಕ ಸ್ವಿಚ್ ಇರುತ್ತದೆ. ಜರ್ಮನಿಯ ಚೆರ್ರಿ ಸಂಸ್ಥೆಯು ತನ್ನ ಎಂಎಕ್ಸ್ ಸ್ವಿಚ್ಚುಗಳನ್ನು ಬಣ್ಣಗಳಿಂದ ಗುರುತಿಸುತ್ತದೆ. ಇತರ ತಯಾರಕರೂ ಬಹುಮಟ್ಟಿಗೆ ಇದನ್ನೇ ಅನುಸರಿಸಿದ್ದಾರೆ. ಕೆಂಪು ಸ್ವಿಚ್ 45 ಸೆಂಟಿನ್ಯೂಟನ್, ಅಂದರೆ ಸುಮಾರು 46 ಗ್ರಾಂ ಭಾರಕ್ಕೆ ತಡೆಯಿಲ್ಲದೆ ಇಳಿಯುವುದರಿಂದ ಆಟಗಾರರಿಗೆ ಪ್ರಿಯ. ನೀಲಿಗೆ 60 ಸೆಂಟಿನ್ಯೂಟನ್ ಬೇಕು. ಪ್ರತಿ ಒತ್ತಿಗೂ 'ಟಿಕ್' ಎನ್ನುವ ಅದರ ಸದ್ದು ರಾತ್ರಿ ಮನೆಯವರ ನಿದ್ದೆಗೆ ಭಂಗ ತರಬಹುದು. 55 ಸೆಂಟಿನ್ಯೂಟನ್‌ನ ಕಂದು ಸ್ವಿಚ್ ಸದ್ದಿಲ್ಲದೆಯೇ ಬೆರಳಿಗೆ ಸಣ್ಣ ತಡೆಯೊಂದನ್ನು ತಿಳಿಸುತ್ತದೆ.

ಆಟದಲ್ಲಿ ತಪ್ಪಿದ ಕೀಲಿಯಿಂದ ಒಂದು ಸುತ್ತು ಸೋತೀತು, ಅಷ್ಟೇ. ಆದರೆ ಇನ್‌ವಾಯ್ಸಿನಲ್ಲಿ ಹೆಚ್ಚಾಗಿ ಬಿದ್ದ ಒಂದು ಸೊನ್ನೆ ಗ್ರಾಹಕನ ಲೆಕ್ಕದವರೆಗೂ ಹರಿದು, ಕ್ರೆಡಿಟ್ ನೋಟು, ವಿವರಪಟ್ಟಿಯ ತಿದ್ದುಪಡಿ ಎಂದು ದಿನಗಟ್ಟಲೆ ಕಾಡುತ್ತದೆ. ಆದ್ದರಿಂದ ಕೀಲಿಮಣೆಯನ್ನು ಆರಿಸಬೇಕಾದುದು ಲೆಕ್ಕದ ಕೆಲಸವನ್ನು ಮುಂದಿಟ್ಟುಕೊಂಡು. ಆಟವು ಅದಕ್ಕೆ ಹೊಂದಿಕೊಳ್ಳುತ್ತದೆ. ಈ ದೃಷ್ಟಿಯಿಂದ ಕಂದು ಸ್ವಿಚ್ಚೇ ಲೇಸು.

ಮೌಸಿಗೆ ಜಾಗ ಉಳಿಯಲೆಂದು ಆಟಗಾರರು 87 ಕೀಲಿಗಳ ಚಿಕ್ಕ ಮಾದರಿಯನ್ನು ಬಯಸುವುದುಂಟು. ಅದರಲ್ಲಿ ಬಲಬದಿಯ ಅಂಕಿಗಳ ಗುಂಪು ಇರುವುದಿಲ್ಲ. ದಿನವಿಡೀ ಮೊತ್ತಗಳನ್ನು ನಮೂದಿಸುವವರಿಗೆ 104 ಕೀಲಿಗಳ ಪೂರ್ಣ ಮಾದರಿಯೇ ಅನುಕೂಲ. ಬೆಸುಗೆಯಿಲ್ಲದೆ ಸ್ವಿಚ್ ಬದಲಿಸಬಹುದಾದ 'ಹಾಟ್-ಸ್ವಾಪ್' ಸೌಲಭ್ಯವಿದ್ದರೆ, ಒಂದು ಕೀಲಿ ಕೆಟ್ಟಾಗ ಇಡೀ ಮಣೆಯನ್ನು ಎಸೆಯಬೇಕಾಗಿಲ್ಲ.

ತೆರಿಗೆಯ ವಿಷಯದಲ್ಲೂ ಎಚ್ಚರ ಅಗತ್ಯ. ಕೀಲಿಮಣೆಗೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಇದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(1)ನೇ ಕಲಮಿನಂತೆ, ಭಾಗಶಃ ವ್ಯವಹಾರಕ್ಕೆ, ಭಾಗಶಃ ಸ್ವಂತಕ್ಕೆ ಬಳಸುವ ವಸ್ತುವಿನ ಮೇಲೆ ವ್ಯವಹಾರದ ಪಾಲಿನಷ್ಟೇ ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತದೆ. ಕೀಲಿಮಣೆ ಒಂದೇ ಆದರೂ ಅದರ ಲೆಕ್ಕ ಎರಡು ಎಂಬುದನ್ನು ಮರೆಯಬಾರದು.